ಬದನೆಕಾಯಿಗೆ ಲಾಜವರ್ದ

ಮೊನ್ನೆ ಮಂಡ್ಯದ ಬಟ್ಟೆ ಅಂಗಡಿಯೊಂದರಲ್ಲಿ ಮೊಮ್ಮಗಳಿಗೆ ಸೀರೆ ಆರಿಸುತ್ತಿದ್ದೆ. ನೀಲಿ ಬೇಕು ಎಂದದ್ದೇ ತಡ, ಅಂಗಡಿಯವನು ನೀಲಿ ಸೀರೆಗಳ ಒಂದು ಗುಡ್ಡವನ್ನೇ ಮುಂದೆ ಸುರಿದ. ನಾನು ಒಂದೊಂದನ್ನೂ ಬಾಗಿಲ ಬೆಳಕಿಗೆ ಹಿಡಿದು, "ಇದು ಹಸಿರಿನ ಕಡೆ ವಾಲುತ್ತೆ, ಬೇಡ. ಇದು ಕೆಂಪಿನ ಕಡೆ ವಾಲುತ್ತೆ, ಪರವಾಗಿಲ್ಲ. ಇದು ಬಿಸಿಲಿಗೆ ನಿಲ್ಲಲ್ಲ" ಎನ್ನುತ್ತಾ ಪಕ್ಕಕ್ಕಿಟ್ಟೆ. ಬಹಳ ಹೊತ್ತು ಸೈರಿಸಿಕೊಂಡಿದ್ದವನು ಕೊನೆಗೆ, "ನೀಲಿ ಅಂದ್ರೆ ನೀಲಿ ಕಣಮ್ಮ, ಅದು ಯಾವ್ ಕಡೀಕೂ ವಾಲಾಕಿಲ್ಲ. ನೀವೇ ವಾಲ್ತಾ ಇದ್ದೀರಿ, ಕುಂತ್ಕಳಿ" ಎಂದು ಸ್ಟೂಲು ಎಳೆದು ಹಾಕಿದ.

ಅವನನ್ನು ಬೈಯುವ ಹಾಗಿಲ್ಲ. ಮದುವೆಯಾಗುವವರೆಗೆ ನನಗೂ ನೀಲಿ ಅಂದರೆ ನೀಲಿಯೇ. ಮಳವಳ್ಳಿಯಲ್ಲಿ ನಮ್ಮಪ್ಪ ತಾಲ್ಲೂಕು ಕಚೇರಿಯ ಗುಮಾಸ್ತರು. ಅವರ ಬಿಳಿ ಪಂಚೆಯನ್ನು ಅವ್ವ ಅದ್ದುತ್ತಿದ್ದ ಬಕೆಟ್ಟಿನ ನೀರು ನೀಲಿ, ಗೋಡೆಯ ಪಟದ ಕೃಷ್ಣ ನೀಲಿ, ಜಾತ್ರೆಯಲ್ಲಿ ಕೊಂಡ ಬಳೆ ನೀಲಿ. ಇಷ್ಟರಲ್ಲಿ ನನ್ನ ನೀಲಿ ಮುಗಿಯುತ್ತಿತ್ತು. ಮದ್ದೂರಿನ ಶಾಲೆಯೊಂದರ ಡ್ರಾಯಿಂಗ್ ಮೇಷ್ಟ್ರಿಗೆ ನನ್ನನ್ನು ಕೊಟ್ಟ ಮೇಲೆ ತಿಳಿಯಿತು, ನೀಲಿ ಎನ್ನುವುದು ದೊಡ್ಡದೊಂದು ಒಟ್ಟು ಕುಟುಂಬ. ಅದರಲ್ಲಿ ಒಬ್ಬರಿಗೊಬ್ಬರು ಆಗಿಬರುವುದಿಲ್ಲ. ಅವರ ನ್ಯಾಯ ತೀರಿಸುವುದಕ್ಕೆಂದೇ ನಮ್ಮ ಮೇಷ್ಟ್ರು ಹುಟ್ಟಿದ್ದಾರೆ.

ನಮ್ಮ ಮೇಷ್ಟ್ರು ಎಂದರೆ ನನ್ನ ಗಂಡ. ಗಂಡನ ಹೆಸರು ಹೇಳುವ ವಾಡಿಕೆ ಆಗ ಇರಲಿಲ್ಲ. ಈಗ ಹೇಳಿದರೆ ತಡೆಯುವವರಿಲ್ಲ. ಆದರೆ ಹೇಳಿದ ಕೂಡಲೇ ಎಲ್ಲಿಂದಲೋ "ಏನೇ?" ಎಂದುಬಿಟ್ಟರೆ ಎಂದು ಹೆದರಿಕೆ.

ಅವರು ಮೈಸೂರಿನಲ್ಲಿ ಓದುವಾಗ ಎಣ್ಣೆಬಣ್ಣದ ಹುಚ್ಚು ಹತ್ತಿಸಿಕೊಂಡು ಬಂದಿದ್ದರು. ದೇವರ ಪಟ ಬರೆದಿದ್ದರೆ ಊರು ಮೆಚ್ಚುತ್ತಿತ್ತು. ದೊಡ್ಡವರ ಮುಖ ಬರೆದಿದ್ದರೆ ದೊಡ್ಡವರಾದರೂ ಮೆಚ್ಚುತ್ತಿದ್ದರು. ಇವರಿಗೆ ಬೇಕಾದದ್ದು ಸ್ಥಿರಚಿತ್ರ. ಒಂದು ಮಣೆಯ ಮೇಲೆ ಚೊಂಬು, ಬಟ್ಟೆ, ತರಕಾರಿ ಜೋಡಿಸಿಟ್ಟು, ಅದನ್ನು ಕಂಡ ಹಾಗೆ ಬರೆಯುವುದು. ನಮ್ಮ ಮನೆಯಲ್ಲಿ ಆ ಮಣೆಗೆ ದೇವರ ಗೂಡಿಗಿಂತ ಹೆಚ್ಚು ಮಡಿ. ಚೊಂಬು ಮುಟ್ಟುವ ಹಾಗಿಲ್ಲ, ಬಟ್ಟೆಯ ನೆರಿಗೆ ಅಲುಗುವ ಹಾಗಿಲ್ಲ. ಎಣ್ಣೆಗಾಯಿ ಮಾಡೋಣವೆಂದು ನಾನು ಆರಿಸಿ ತಂದ ಬದನೆಕಾಯಿ ಮೊದಲು ಮಣೆಗೆ ಹೋಗಿ, ಅಲ್ಲಿ ಸೊರಗಿ ಸುಕ್ಕಾಗಿ, ಆಮೇಲೆ ನನ್ನ ಪಾಲಿಗೆ ಬರುತ್ತಿತ್ತು. ಹೊಸ ಕಾಯಿ ತಂದಿಟ್ಟರೆ, "ಇದು ಆ ಕಾಯಲ್ಲ, ಇದರ ಕುತ್ತಿಗೆ ಬೇರೆ" ಎಂದು ಗೊಣಗು. ಮದುವೆಯಾದ ಹೊಸತರಲ್ಲಿ ನನ್ನ ಕುತ್ತಿಗೆಯ ಕಡೆ ಅವರು ಅಷ್ಟು ಗಮನವಿಟ್ಟು ನೋಡಿದ ನೆನಪು ನನಗಿಲ್ಲ.

ಅದು ಯುದ್ಧದ ಕಾಲ. ಸೀಮೆಎಣ್ಣೆಗೆ ಸಾಲು, ಸಕ್ಕರೆಗೆ ಸಾಲು. ಕಬ್ಬು ತುಂಬಿದ ಗಾಡಿಗಳು ನಮ್ಮ ಬಾಗಿಲ ಮುಂದೆಯೇ ಮಂಡ್ಯದ ಕಡೆ ಹೋಗುತ್ತಿದ್ದರೂ ನಮ್ಮ ಕಾಫಿಗೆ ಬೆಲ್ಲವೇ ಗತಿ. ಊರಿನ ಕೊರತೆ ಇಷ್ಟಾದರೆ ನಮ್ಮ ಮನೆಯ ಕೊರತೆ ಇನ್ನೊಂದು. ಸೀಮೆಯಿಂದ ಹಡಗಿನಲ್ಲಿ ಬರುತ್ತಿದ್ದ ಬಣ್ಣದ ಟ್ಯೂಬುಗಳು ನಿಂತುಹೋದವು. ಕೆಂಪು, ಹಳದಿ, ಬಿಳಿ ಹೇಗೋ ಪೇಟೆಯಲ್ಲಿ ಹೊಂದುತ್ತಿದ್ದವು. ನೀಲಿಯದೇ ತಾಪತ್ರಯ. ಇದ್ದೊಂದು ಟ್ಯೂಬನ್ನು ನನ್ನ ಲಟ್ಟಣಿಗೆಯಿಂದ ಲಟ್ಟಿಸಿ, ಆಮೇಲೆ ನನ್ನ ಈಳಿಗೆಮಣೆಯಲ್ಲಿ ಸೀಳಿ, ಒಳಗಿನದನ್ನು ಕಡ್ಡಿಯಿಂದ ಕೆರೆದು ತೆಗೆದರು. ಅದೂ ಮುಗಿದಾಗ ಸಾವಾದ ಮನೆಯಲ್ಲಿ ಕೂತ ಹಾಗೆ ಕೂತರು. "ನೀಲಿ ಇಲ್ಲದಿದ್ರೆ ಕೆಂಪು ಬದನೆಕಾಯಿ ಬರೀರಿ" ಎಂದೆ. ನನ್ನನ್ನು ನೋಡಿದ ನೋಟದಲ್ಲಿ ಮಳವಳ್ಳಿಯ ಸಮಸ್ತರನ್ನೂ ಕ್ಷಮಿಸಿದ ಭಾವವಿತ್ತು.

ಆಮೇಲೆ ಅವರಿಗೆ ಹೊಳೆಯಿತು. ಟ್ಯೂಬು ಬರುವುದಕ್ಕೆ ಮುಂಚೆಯೂ ಜನ ಬರೆಯುತ್ತಿದ್ದರಲ್ಲ? ಹಳೆಯ ಕಾಲದವರು ಮಾಡಿಕೊಂಡ ಹಾಗೆ ನಾವೇ ನೀಲಿ ಮಾಡಿಕೊಂಡರಾಯಿತು! ಅಲ್ಲಿಗೆ ನನ್ನ ಅಡುಗೆಮನೆಯ ಗ್ರಹಗತಿ ಬದಲಾಯಿತು.

ಇಲ್ಲಿ ನಮ್ಮ ಮಾವನವರ ವಿಷಯ ಹೇಳದೆ ಮುಂದೆ ಹೋಗಲಾಗದು. ಅವರದು ಬೆಸಗರಹಳ್ಳಿ. ಹೊಲ, ಗದ್ದೆ, ದನ, ದೊಡ್ಡ ಗಂಟಲು. ಮಗ ಓದಿ ಅಮಲ್ದಾರನಾಗುತ್ತಾನೆ, ಇಲ್ಲವೇ ಓದು ಹತ್ತದೆ ಬಂದು ನೇಗಿಲ ಮೇಣಿ ಹಿಡಿಯುತ್ತಾನೆ ಎಂದು ಅವರ ಲೆಕ್ಕ. ಮಗ ಎರಡೂ ಆಗದೆ ಗೊಂಬೆ ಬರೆಯುವ ಮೇಷ್ಟ್ರಾದ ಸುದ್ದಿ ಅವರಿಗೆ ಸಂತೆಯಲ್ಲಿ ಬೇರೆಯವರ ಬಾಯಿಂದ ತಿಳಿಯಿತು. ಅಂದಿನಿಂದ ಮಗನೊಂದಿಗೆ ಮಾತು ಬಿಟ್ಟರು. ನಮ್ಮ ಮದುವೆಯಲ್ಲೂ, "ಅಯ್ನೋರೆ, ಆ ಗಂಡಿಗೆ ಒಸಿ ಬಲಕ್ಕೆ ಸರ್ಕೊಳಾಕೆ ಏಳಿ" ಎಂದು ಪುರೋಹಿತರ ಮೂಲಕವೇ ಹೇಳಿಸಿದರು. ನಾನು ಯಾವುದೋ ದೊಡ್ಡ ಮನೆತನದ ಶಾಸ್ತ್ರವಿರಬೇಕು ಎಂದುಕೊಂಡಿದ್ದೆ.

ಹಾಗೆಂದು ಮಾವ ನಮ್ಮ ಮನೆಗೆ ಬರುವುದನ್ನು ಬಿಟ್ಟಿರಲಿಲ್ಲ. ಸಂತೆಗೆ ಗಾಡಿ ಕಟ್ಟಿದಾಗಲೆಲ್ಲ ರಾಗಿ, ಅವರೆ, ಬದನೆಕಾಯಿ ಹೊತ್ತು ತರುತ್ತಿದ್ದರು. ಬರುವುದು ಸೊಸೆಯನ್ನು ನೋಡಲಿಕ್ಕೆ. ಮಗ ಅಲ್ಲೇ ಕಂಬಕ್ಕೊರಗಿ ಕೂತಿದ್ದರೂ ಮಾತೆಲ್ಲ ನನ್ನೊಂದಿಗೆ.

"ಏನವ್ವಾ, ನಿನ್ ಗಂಡ ಬದ್ನೆಕಾಯ್ ಬರೆಯಾಕೆ ಮೈಸೂರ್ಗಂಟ ಓಗಿ ಓದ್ಕಂಬಂದ್ನಾ? ನಾನು ಓದ್ದೇನೆ ಬೆಳೀತೀನಲ್ಲ, ಕೇಳವ್ವ."

ಮೇಷ್ಟ್ರು ನನ್ನ ಕಡೆ ತಿರುಗಿ, "ಬೆಳೆಯೋದು ಬೇರೆ, ನೋಡೋದು ಬೇರೆ ಅಂತ ಹೇಳು" ಎನ್ನುವರು.

"ನೋಡ್ದೆ ಅದೆಂಗೆ ಬೆಳ್ಯಾಕಾಯ್ತದೆ ಕೇಳವ್ವ ಅವುನ್ನ."

ಇಬ್ಬರ ಮಾತೂ ಇಬ್ಬರಿಗೂ ಕೇಳಿಸುತ್ತಿತ್ತು. ನಡುವೆ ನಾನು ಕತ್ತು ಅತ್ತಿತ್ತ ತಿರುಗಿಸುವುದಷ್ಟೇ. ಮೊದಮೊದಲು ನಗು ಬರುತ್ತಿತ್ತು. ಆದರೆ ಮಾವನ ಗಾಡಿ ತಿರುಗಿದ ಮೇಲೆ ಮೇಷ್ಟ್ರು ಬಾಗಿಲಲ್ಲೇ ನಿಂತು, ಗಾಡಿ ಕಣ್ಮರೆಯಾಗುವವರೆಗೂ ನೋಡಿ, ಒಳಗೆ ಬಂದು ಏನೂ ಆಗದವರಂತೆ ಕುಂಚ ತೊಳೆಯುವುದನ್ನು ಕಂಡ ಮೇಲೆ ಆ ನಗು ಕಡಿಮೆಯಾಯಿತು.

ಈಗ ನೀಲಿಗೆ ಬರೋಣ. ಮೊದಲನೆಯ ಪ್ರಯೋಗ ನೀಲಿಗಿಡದ ನೀಲಿ. ಒಂದಾನೊಂದು ಕಾಲದಲ್ಲಿ ನಮ್ಮ ದೇಶದಿಂದ ಹಡಗುಗಟ್ಟಲೆ ಹೋಗುತ್ತಿದ್ದ ಸರಕಂತೆ ಅದು. ಮಳವಳ್ಳಿಯಲ್ಲಿ ನನ್ನ ತವರಿನ ಹಿಂದಿನ ಬೀದಿಯ ಬಣ್ಣಗಾರರ ಮನೆಯಲ್ಲಿ ಹಳೆಯ ಬಿಲ್ಲೆಗಳು ಉಳಿದಿದ್ದವು, ತರಿಸಿಕೊಟ್ಟೆ. ನೋಡಿದರೆ ಒಣಗಿದ ಬೆರಣಿಯ ಚೂರು, ಉಗುರಿನಲ್ಲಿ ಉಜ್ಜಿದರೆ ತಾಮ್ರದ ಹೊಳಪು. ಅದನ್ನು ಅರೆದು ಅಗಸೆ ಎಣ್ಣೆಯಲ್ಲಿ ಕಲಸಬೇಕು. ಎಲ್ಲಿ ಅರೆದರು ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಮಾರನೆಯ ದಿನ ಮಾವ ಬಂದರು. ರೊಟ್ಟಿಗೆಂದು ತೆಂಗಿನಕಾಯಿ ಚಟ್ನಿ ಅರೆದೆ. ಕಲ್ಲಿನಿಂದ ಬಳಿದಾಗ ಬೆಳಕು ಮಂದವಿತ್ತು. ತಟ್ಟೆಗೆ ಬಡಿಸಿ ಹಜಾರಕ್ಕೆ ತಂದಾಗ ಚಟ್ನಿ ತಿಳಿನೀಲಿ.

ಮಾವ ತಟ್ಟೆಯನ್ನು ನೋಡಿದರು. ನನ್ನನ್ನು ನೋಡಿದರು. ಮಗನ ಕಡೆ ಮಾತ್ರ ನೋಡಲಿಲ್ಲ. "ಯಾಕವ್ವಾ, ನಿನ್ ಗಂಡ ನನ್ನ ನೀಲಕಂಟ ಮಾಡ್ಬೇಕು ಅಂತವ್ನಾ?" ಎಂದವರು, ನಾನು ಬೇಡ ಬೇಡ ಎನ್ನುತ್ತಿದ್ದರೂ ರೊಟ್ಟಿಗೆ ಹಚ್ಚಿಕೊಂಡು ತಿಂದೇಬಿಟ್ಟರು. "ಉಪ್ಪು ಕಮ್ಮಿ" ಎಂದರು, ಅಷ್ಟೇ. ಆ ಹೊತ್ತು ಮೇಷ್ಟ್ರ ತುಟಿ ಅದುರಿದ್ದು ನಗು ತಡೆಯಲಿಕ್ಕೋ ಬೇರೆಯದಕ್ಕೋ ನನಗೆ ಗೊತ್ತಾಗಲಿಲ್ಲ.

ಆ ನೀಲಿ ಚೆನ್ನಾಗಿಯೇ ಇತ್ತು. ಆದರೆ ಬಿಸಿಲಿನಲ್ಲಿ ವರ್ಷಗಟ್ಟಲೆ ಇಟ್ಟರೆ ಬಾಡುತ್ತದೆ ಎಂದು ಮೇಷ್ಟ್ರಿಗೆ ಅನುಮಾನ. ಆಮೇಲೆ ಬಟ್ಟೆಗೆ ಹಾಕುವ ನೀಲಿಯನ್ನು ಕಲಸಿ ನೋಡಿದರು. ದೂರದ ಗೋಡೆಗೆ ಆದೀತು, ಬದನೆಕಾಯಿಗೆ ಆಗದು ಎಂದು ತೀರ್ಪಾಯಿತು. ಆಮೇಲೆ ಅವರ ಕಣ್ಣು ನನ್ನ ಕೈಯ ಮೇಲೆ ಬಿತ್ತು. ಹೊಸ ಹೆಂಡತಿಯ ಕೈ ಹಿಡಿದು ಗಂಡ ಬೆಳಕಿಗೆ ಎತ್ತಿ ತಿರುಗಿಸಿ ನೋಡಿದರೆ ಏನನ್ನಿಸುತ್ತದೆ ಹೇಳಿ. ನಾನು ತಲೆ ತಗ್ಗಿಸಿದೆ. ಅವರು, "ಈ ಬಳೆ ಗಾಜಿನಲ್ಲಿ ಕೋಬಾಲ್ಟ್ ಇದೆ. ಹಿಂದೆ ನೀಲಿ ಗಾಜು ಕುಟ್ಟಿಯೇ ಬಣ್ಣ ಮಾಡ್ತಿದ್ರು" ಎಂದರು.

ಕೈ ಎಳೆದುಕೊಂಡೆ. "ಮುತ್ತೈದೆ ಬಳೆ ಕುಟ್ಟಿ ಬದನೆಕಾಯಿ ಬರೀತೀರಾ? ಹೊರಗೆ ಹೇಳಬೇಡಿ, ನಿಮಗೆ ನೀರು ಕೊಡಲ್ಲ ಯಾರೂ."

ಪಾಪ, ಬಳೆಗಾರನ ಹತ್ತಿರ ಒಡಕು ಚೂರು ಕೇಳಿ ತಂದು, ಕುಟ್ಟಾಣಿಯಲ್ಲಿ ಕುಟ್ಟಿ, ಬಟ್ಟೆಯಲ್ಲಿ ಜರಡಿ ಹಿಡಿದರು. ಬಳೆಯಾಗಿದ್ದಾಗ ಅಷ್ಟು ನೀಲಿಯಾಗಿದ್ದದ್ದು ಪುಡಿಯಾದ ಮೇಲೆ ಹೊಳೆದಂಡೆಯ ಮರಳಿನ ಬಣ್ಣಕ್ಕೆ ತಿರುಗಿತು.

ಹೊಳೆಯೆಂದಾಗ ನೆನಪಾಯಿತು. ಹರಕೆ ತೀರಿಸಲು ಮುತ್ತತ್ತಿಗೆ ಹೋಗಿದ್ದೆವು. ಆಂಜನೇಯನಿಗೆ ಕಾಯಿ ಒಡೆಸಿ, ಕಾವೇರಿಯ ಬಂಡೆಯ ಮೇಲೆ ಇಬ್ಬರೇ ಕೂತೆವು. ಮದುವೆಯಾದ ಮೇಲೆ ಅಷ್ಟು ದೂರ ಇಬ್ಬರೇ ಹೋದದ್ದು ಅದೇ ಮೊದಲು. ಅವರು ಬಹಳ ಹೊತ್ತು ನೀರನ್ನೇ ನೋಡಿದರು. ಏನೋ ಮನಸ್ಸಿನ ಮಾತು ಬರುತ್ತದೆ ಎಂದು ಕಾದೆ. ಬಂತು. "ನದಿ ನೀಲಿ ಅಂತ ಎಲ್ಲರೂ ಸುಳ್ಳು ಹೇಳ್ತಾರೆ. ನೋಡು, ಹಸಿರು. ತಳದಲ್ಲಿ ಕಂದು." ನಾನು ಬುತ್ತಿಯ ಗಂಟು ಬಿಚ್ಚಿದೆ.

ಮುತ್ತತ್ತಿಯಿಂದ ತಂದದ್ದು ಪ್ರಸಾದವಷ್ಟೇ ಅಲ್ಲ, ನನಗೊಂದು ಕೆಮ್ಮು. ಅದಕ್ಕೆ ಔಷಧಿ ತರಲು ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯ ಹಕೀಮ್ ಸಾಹೇಬರ ಹತ್ತಿರ ಹೋದೆವು. ಬಿಳಿ ಗಡ್ಡ, ಬೆಳ್ಳಗಿನ ಜುಬ್ಬ. ಅವರ ಹಿಂದಿನ ಗೋಡೆ ತುಂಬ ಸಣ್ಣ ಸಣ್ಣ ಡಬ್ಬಿ. ನನ್ನ ನಾಡಿ ನೋಡಿ ಅವರು ಡಬ್ಬಿ ತೆಗೆಯುತ್ತಿದ್ದಾಗ ಮೇಷ್ಟ್ರು ಒಂದು ಡಬ್ಬಿಯ ಮೇಲಿನ ಚೀಟಿ ಓದಿಬಿಟ್ಟರು. "ಸಾಹೇಬ್ರೆ, ಇದರಲ್ಲಿ ಲಾಜವರ್ದ ಇದೆಯಾ? ನೀಲಿ ಕಲ್ಲು?"

"ಹೌದು. ಪುಡಿ ಇದೆ, ಕಲ್ಲೂ ಇದೆ. ನಮ್ಮ ಅಬ್ಬಾ ಹೈದರಾಬಾದಿಂದ ತಂದಿದ್ದು."

ಮೇಷ್ಟ್ರಿಗೆ ಕೂತಲ್ಲಿ ಕೂರಲಾಗಲಿಲ್ಲ. ದೂರದ ಬೆಟ್ಟಗಳ ಗಣಿಯಿಂದ ಕತ್ತೆಯ ಮೇಲೆ, ಒಂಟೆಯ ಮೇಲೆ, ಹಡಗಿನ ಮೇಲೆ ಈ ಕಲ್ಲು ಸೀಮೆಗೆ ಹೋಗುತ್ತಿತ್ತಂತೆ. ಕಡಲಾಚೆಯದು ಎಂದೇ ಅಲ್ಲಿ ಅದರ ಬಣ್ಣಕ್ಕೆ ಹೆಸರಂತೆ. ಚಿನ್ನದಷ್ಟು ದುಬಾರಿಯಾದ್ದರಿಂದ ಅಲ್ಲಿಯ ಚಿತ್ರಗಾರರು ಅದನ್ನು ತಮ್ಮ ದೇವರ ತಾಯಿಯ ಮೇಲುವಸ್ತ್ರಕ್ಕೆ ಮೀಸಲಿಡುತ್ತಿದ್ದರಂತೆ. ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿ, "ಸ್ವಲ್ಪ ಕೊಡಿ ಸಾಹೇಬ್ರೆ" ಎಂದರು.

"ಇದು ದವಾ, ಮಾಸ್ಟರ್. ಬೀಮಾರಿ ಇದ್ದೋರಿಗೆ ಮಾತ್ರ ಕೊಡೋದು. ನಿಮಗೆ ಏನು ಬೀಮಾರಿ?"

"ನನಗೇನಿಲ್ಲ. ಬದನೆಕಾಯಿಗೆ ಬೇಕು."

"ಹಾಗಾದ್ರೆ ಬದನೆಕಾಯಿನ ಕರ್ಕೊಂಡು ಬನ್ನಿ, ನಾಡಿ ನೋಡ್ತೀನಿ."

ನಾನು ಕೆಮ್ಮಿನ ನಡುವೆಯೇ ನಕ್ಕೆ. ನಗು ನಿಂತ ಮೇಲೆ, "ಈ ದವಾ ಯಾವುದಕ್ಕೆ ಕೊಡ್ತೀರಿ?" ಎಂದು ಕೇಳಿದೆ. ಮನಸ್ಸಿನಲ್ಲಿ ಕಪ್ಪು ಕಟ್ಟಿಕೊಂಡವರಿಗೆ ಎಂದರು ಸಾಹೇಬರು. ಕಾರಣ ಹೇಳದೆ ಮಂಕಾಗಿ ಕೂರುವವರಿಗೆ.

ಅದೇನು ಧೈರ್ಯ ಬಂತೋ, ಹೇಳಿಬಿಟ್ಟೆ. "ಹಾಗಾದ್ರೆ ಇವರಿಗೇ ಕೊಡಿ ಸಾಹೇಬ್ರೆ. ಇವರಪ್ಪ ಇವರ ಜೊತೆ ಮಾತು ಬಿಟ್ಟು ವರ್ಷಗಳಾಯ್ತು. ಇವರು ಅದನ್ನ ಯಾರ ಹತ್ರಾನೂ ಆಡಲ್ಲ. ಉಣ್ತಾ ಉಣ್ತಾ ಕೈ ನಿಲ್ಲಿಸಿ ಸುಮ್ಮನೆ ಕೂತುಬಿಡ್ತಾರೆ."

ಮೇಷ್ಟ್ರು ತಲೆಯೆತ್ತಲಿಲ್ಲ. ಹಕೀಮ್ ಸಾಹೇಬರು ಡಬ್ಬಿ ಕೆಳಗಿಟ್ಟು ಅವರ ಮಣಿಕಟ್ಟು ಹಿಡಿದರು. ಕಣ್ಣು ಮುಚ್ಚಿ ನನ್ನ ನಾಡಿಗಿಂತ ಹೆಚ್ಚು ಹೊತ್ತು ನೋಡಿದರು. ಆಮೇಲೆ ಪುಡಿಯ ಪೊಟ್ಟಣಗಳನ್ನು ಕಟ್ಟಿ, "ಬೆಳಿಗ್ಗೆ ಜೇನಲ್ಲಿ ಕಲಸಿ ತಗೊಳ್ಳಿ" ಎಂದು ಕೊಟ್ಟರು.

ಅವರು ಜೇನಿನಲ್ಲಿ ಕಲಸುತ್ತಾರೆ ಎಂದು ನೀವು ನಂಬಿದರೆ ನಮ್ಮ ಮೇಷ್ಟ್ರು ನಿಮಗಿನ್ನೂ ಅರ್ಥವಾಗಿಲ್ಲ. ಮನೆಗೆ ಬಂದವರೇ ಅಷ್ಟೂ ಪೊಟ್ಟಣ ಬಿಚ್ಚಿ ಅಗಸೆ ಎಣ್ಣೆಯಲ್ಲಿ ಕಲಸಿದರು. ಆದದ್ದು ಒಲೆಬೂದಿಯ ಬಣ್ಣ. ಎಷ್ಟು ಅರೆದರೂ ಬೂದಿ. ತಡೆಯಲಾರದೆ, ಪುಡಿ ಅಸಲಿಯೋ ಅಲ್ಲವೋ ಎಂದು ಕೇಳಲಿಕ್ಕೆ ಮತ್ತೆ ಹಕೀಮರಲ್ಲಿಗೆ ಹೊರಟರು. ನಾನೂ ಜೊತೆಗಿದ್ದೆ, ಕೆಮ್ಮು ನಿಂತಿದ್ದರೂ. ಆ ಮಾತುಕತೆಯನ್ನು ತಪ್ಪಿಸಿಕೊಳ್ಳುವಷ್ಟು ವೈರಾಗ್ಯ ನನಗಿರಲಿಲ್ಲ.

"ದವಾ ತಗೊಂಡ್ರಾ ಮಾಸ್ಟರ್? ಹೇಗಿದೆ?"

"ತಗೊಂಡೆ... ವಾಸಿ" ಎಂದರು ಮೇಷ್ಟ್ರು.

ಹಕೀಮರು ಅವರ ಕೈ ತಿರುಗಿಸಿ ಉಗುರುಗಳನ್ನು ನೋಡಿದರು. ಸಂದಿಯಲ್ಲೆಲ್ಲ ಬೂದುನೀಲಿ. "ಬಾಯಿಂದ ತಿನ್ನೋ ದವಾ ಇದು. ನೀವು ಉಗುರಿಂದ ತಿಂತಾ ಇದ್ದೀರಿ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಷ್ಟ್ರು ಎದ್ದು ಓಡಬೇಕು, ಅಷ್ಟರಲ್ಲಿ ಸಾಹೇಬರು ಗೂಡಿನಿಂದ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದರು. ನಿಂಬೆಹಣ್ಣಿನ ಗಾತ್ರದ ಕಲ್ಲು. ಕಡುನೀಲಿ, ಒಳಗೆಲ್ಲ ಚಿನ್ನದ ಕಣ ಚೆಲ್ಲಿದ ಹಾಗೆ.

"ತಗೊಳ್ಳಿ. ಹೊಟ್ಟೆಗೆ ಹೋಗ್ಲಿ, ಬದನೆಕಾಯಿಗೆ ಹೋಗ್ಲಿ. ಬೀಮಾರಿ ಹೋದ್ರೆ ಆಯ್ತು."

ಕಲ್ಲು ಬಂತು, ಆದರೆ ಅದನ್ನೂ ಅರೆದರೆ ಬೂದಿಯೇ ಅಲ್ಲವೇ? ಮೇಷ್ಟ್ರು ಮೈಸೂರಿನಲ್ಲಿ ಯಾವುದೋ ಪುಸ್ತಕದಿಂದ ಬರೆದುಕೊಂಡಿದ್ದ ಹಳೆಯ ವಿಧಾನವೊಂದನ್ನು ಹುಡುಕಿ ತೆಗೆದರು. ಕಲ್ಲಿನಲ್ಲಿ ನೀಲಿಯ ಜೊತೆ ಬೇರೆ ಬೇರೆ ಬಿಳಿ, ಬೂದು ಕಲ್ಲುಗಳು ಬೆರೆತಿರುತ್ತವೆ, ಅವುಗಳಿಂದ ನೀಲಿಯನ್ನು ಬಿಡಿಸಿಕೊಳ್ಳಬೇಕು. ಕಲ್ಲನ್ನು ನುಣ್ಣಗೆ ಪುಡಿ ಮಾಡಿ, ಮೇಣ, ರಾಳ, ಎಣ್ಣೆ ಕಾಯಿಸಿದ್ದರಲ್ಲಿ ಕಲಸಿ ಉಂಡೆ ಕಟ್ಟಿ ಕೆಲವು ದಿನ ಬಿಡಬೇಕು. ಆಮೇಲೆ ಬೂದಿನೀರಿನ ತಿಳಿಯಲ್ಲಿ ಮುಳುಗಿಸಿ ನಾದಬೇಕು. ನೀಲಿ ನೀರಿಗೆ ಇಳಿಯುತ್ತದೆ, ಕಸ ಉಂಡೆಯಲ್ಲೇ ಉಳಿಯುತ್ತದೆ.

ಒಂದು ಭಾನುವಾರ ಮಧ್ಯಾಹ್ನ ಹಿತ್ತಲಿನಲ್ಲಿ ಬೋಗುಣಿ ಇಟ್ಟುಕೊಂಡು ಕೂತೆವು. ಮೇಷ್ಟ್ರು ನಾದಿದರು, ನೀರು ನೀರಾಗಿಯೇ ಇತ್ತು. ಬೆವರು ಮಾತ್ರ ಇಳಿಯಿತು. "ಸರಿಯಿರಿ" ಎಂದು ನಾನು ಕೈ ಹಾಕಿದೆ. ಉಂಡೆ ಮುದ್ದೆಗಿಂತ ಗಟ್ಟಿ, ಬೂದಿನೀರು ಕೈ ಉರಿಸುತ್ತಿತ್ತು. ಇಬ್ಬರೂ ಸರದಿಯಲ್ಲಿ ನಾದಿದೆವು, ಬೈದುಕೊಂಡೆವು, ಮತ್ತೆ ನಾದಿದೆವು. ಕೈ ಸೋತು ಇನ್ನು ಬಿಡೋಣ ಎನ್ನುವ ಹೊತ್ತಿಗೆ ಉಂಡೆಯ ಮಗ್ಗುಲಿಂದ ಒಂದು ಎಳೆ ನೀಲಿ ಹೊರಟು ನೀರಿನಲ್ಲಿ ಹೊಗೆಯ ಹಾಗೆ ಬಿಚ್ಚಿಕೊಂಡಿತು. ಹಿಂದೆಯೇ ಇನ್ನೊಂದು ಎಳೆ. ಆಮೇಲೆ ಬೋಗುಣಿ ತುಂಬ ನೀಲಿ. ನಾನು ಆವರೆಗೆ ಯಾವ ಸೀರೆಯಲ್ಲೂ, ಯಾವ ಹೂವಿನಲ್ಲೂ ಕಾಣದ ನೀಲಿ.

ಮೇಷ್ಟ್ರು ಬೋಗುಣಿಯಿಂದ ಕಣ್ಣೆತ್ತಿ ನನ್ನನ್ನು ನೋಡಿದರು. ಮುತ್ತತ್ತಿಯಲ್ಲಿ ಬಾಕಿ ಉಳಿದಿದ್ದ ಮಾತು ಈಗ ಬಂತು. "ನೀನಿಲ್ಲದಿದ್ರೆ ಇದು ಆಗ್ತಿರಲಿಲ್ಲ" ಎಂದರು. ಕೈ ಉರಿಯುತ್ತಿದ್ದರಿಂದ ನಾನು, "ತಣ್ಣೀರು ಹೊಯ್ಯಿರಿ" ಎಂದೆ.

ತಿಳಿ ಬಸಿದು ಒಣಗಿಸಿದ ಮೇಲೆ ಸಿಕ್ಕಿದ್ದು ಕುಂಕುಮದ ಬಟ್ಟಲಿನ ತಳ ಮುಚ್ಚುವಷ್ಟು. ಅದನ್ನು ಎಲ್ಲಿ ಹಚ್ಚಬೇಕು ಎಂದು ಮೇಷ್ಟ್ರು ಎಷ್ಟೋ ದಿನ ಯೋಚಿಸಿದರು. ಮಣೆಯ ಮೇಲೆ ಹಾಸಿದ್ದು ನನ್ನ ಹಳೆಯ ನೀಲಿ ಸೀರೆ. ಅದಕ್ಕೆ ಹಚ್ಚುತ್ತಾರೆಂದು ನನ್ನ ಆಸೆ. "ದೇವರ ತಾಯಿಯ ಬಟ್ಟೆಗೇ ಹಚ್ತಿದ್ರಂತಲ್ಲ" ಎಂದು ಜ್ಞಾಪಿಸಿದೆ ಕೂಡ. ನನ್ನ ಸೀರೆಗೆ ಸಿಕ್ಕಿದ್ದು ಮಳವಳ್ಳಿಯ ಬಿಲ್ಲೆಯ ನೀಲಿ. ಹಿಂದಿನ ಗೋಡೆಗೆ ಬಟ್ಟೆನೀಲಿ. ಕಡಲಾಚೆಯ ನೀಲಿಯೆಲ್ಲ ಮಾವ ತಂದುಕೊಟ್ಟ ಬದನೆಕಾಯಿಗಳಿಗೆ ಹೋಯಿತು. ಅದೂ ಮೈಗೆಲ್ಲ ಅಲ್ಲ, ಬೆಳಕು ಬಿದ್ದು ಮಿನುಗುವ ಆ ಒಂದಿಷ್ಟು ಜಾಗಕ್ಕೆ. ಕುಂಚದ ತುದಿಯಲ್ಲಿ ಒಂದೊಂದು ಕಣ ತೆಗೆದು ಇಡುವಾಗ ಅವರು ಉಸಿರು ಬಿಡುತ್ತಿರಲಿಲ್ಲ. ಪಕ್ಕದಲ್ಲಿ ನಾನೂ ಬಿಡುವ ಹಾಗಿರಲಿಲ್ಲ.

ಎಣ್ಣೆಬಣ್ಣ ಒಣಗುವುದು ಬಹಳ ನಿಧಾನ. ಅದು ಇನ್ನೂ ಹಸಿಯಾಗಿ ಕಿಟಕಿಯ ಬಳಿ ನಿಂತಿದ್ದಾಗ ಒಂದು ಬೆಳಿಗ್ಗೆ ಮಾವ ಬಂದರು. ಮೂಟೆ ಇಳಿಸಿ, ಹೆಗಲ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾ ಒಳಗೆ ಬಂದವರು ಚಿತ್ರದ ಮುಂದೆ ನಿಂತರು. ಮೇಷ್ಟ್ರು ಮೂಲೆಯಲ್ಲಿ ಕುಂಚ ಒರೆಸುತ್ತಿದ್ದವರು ಒರೆಸುವುದನ್ನು ನಿಲ್ಲಿಸಿದರು. ಮಾವ ಹತ್ತಿರ ಹೋದರು, ಹಿಂದಕ್ಕೆ ಬಂದರು, ಮತ್ತೆ ಹತ್ತಿರ ಹೋದರು. ನಾನು ಇವತ್ತು ಯಾವ ಕೊಂಕು ಬರುತ್ತದೋ, ಅದನ್ನು ಹೇಗೆ ದಾಟಿಸುವುದೋ ಎಂದು ಕಾಯುತ್ತಿದ್ದೆ.

"ಒತ್ತಾರೆ ಕಿತ್ತ ಕಾಯಿ ಅಲ್ವೇನವ್ವ ಇದು?" ಎಂದರು ಮಾವ, ದೊಡ್ಡ ಗಂಟಲು ಎಲ್ಲೋ ಹೋಗಿತ್ತು. "ಬಿಸ್ಲು ಬೀಳಾಕ್ ಮುಂಚೆ ಕಿತ್ತಿದ್ದು. ಇಬ್ಬನಿ ಅಂಗೇ ಕುಂತದೆ." ಹೀಗೆನ್ನುತ್ತಾ, ಹೊಲದಲ್ಲಿ ಕಾಯಿಯ ಮೇಲಿನ ಇಬ್ಬನಿ ಒರೆಸುವ ಹಾಗೆಯೇ ಹೆಬ್ಬೆಟ್ಟು ಚಾಚಿ ಆ ಮಿನುಗಿನ ಮೇಲೆ ಒತ್ತಿಬಿಟ್ಟರು.

"ಅಪ್ಪಾ! ಮುಟ್‌ಬ್ಯಾಡ!"

ಮೇಷ್ಟ್ರು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಮಾವ ಬೆಚ್ಚಿ ಹಿಂದಕ್ಕೆ ನೆಗೆದರು.

"ಯಾಕ್ಲಾ ಅಂಗ್ ಅರಚ್ತೀಯೆ? ಎದೆ ಒಡ್ದೋಗ್ತಿತ್ತಲ್ಲೋ!"

ನಮ್ಮ ಕಡೆಯ 'ಲಾ'ವನ್ನು ಹೊರಗಿನವರು ಬೈಗುಳವೆಂದುಕೊಳ್ಳುತ್ತಾರೆ. ನಮ್ಮಲ್ಲಿ 'ನೀವು' 'ತಾವು' ಎಂದು ಮರ್ಯಾದೆ ಶುರುವಾದರೆ ಸಂಬಂಧ ಕೆಟ್ಟಿದೆ ಎಂದೇ ಅರ್ಥ. ಬೇಕಾದವರಿಗೆ ಮಾತ್ರ 'ಲಾ' ಸಿಗುತ್ತದೆ. ಅಷ್ಟು ವರ್ಷ 'ನಿನ್ ಗಂಡ', 'ಅವ್ನು' ಎಂದು ಗೋಡೆಯಾಚೆ ನಿಂತಿದ್ದ ಮಗನಿಗೆ ಒಂದೇ ಉಸಿರಿನಲ್ಲಿ 'ಲಾ'ವೂ ಸಿಕ್ಕಿತು, 'ಲ್ಲೋ'ವೂ ಸಿಕ್ಕಿತು. ಇಬ್ಬರಿಗೂ ಅದು ಒಟ್ಟಿಗೇ ಅರಿವಾಯಿತೆಂದು ಕಾಣುತ್ತದೆ. ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಗೋಡೆ ನೋಡಿದೆ. ದಾಟಿಸಲು ನನ್ನ ಹತ್ತಿರ ಏನೂ ಇರಲಿಲ್ಲ.

ಮಾವ ತಮ್ಮ ಹೆಬ್ಬೆಟ್ಟು ನೋಡಿಕೊಂಡರು, ನೀಲಿ. "ಅಸಿ ಐತೆ ಅಂತ ಮೊದ್ಲೇ ಏಳಾಕೇನ್ಲಾ ನಿಂಗೆ?"

"ನೀನು ಕೇಳಿದ್ರೆ ತಾನೇ ನಾನು ಏಳಾದು" ಎಂದರು ಮೇಷ್ಟ್ರು. ತರಗತಿಯಲ್ಲಿ ಹುಡುಗರ ಹಕಾರ ತಿದ್ದುತ್ತಿದ್ದ ಮನುಷ್ಯ!

ಆಮೇಲೆ ಅವರು ಆಡಿದ್ದು ಜಗಳವೇ. ಕಾಯಿಯ ತೊಟ್ಟು ಇನ್ನೂ ಬಾಗಿರಬೇಕಿತ್ತು ಎಂದು ಅಪ್ಪ, ಮಣೆಯ ಮೇಲೆ ಬಾಗಿರಲಿಲ್ಲ ಎಂದು ಮಗ. ಕಬ್ಬಿನ ವಿಷಯ ಬಂತು, ಎತ್ತಿನ ವಿಷಯ ಬಂತು, ಅಮಲ್ದಾರಿಕೆಯ ವಿಷಯವೂ ಬಂದು ಹೋಯಿತು. ಮೇಷ್ಟ್ರು ಶಾಲೆಗೆ ಹೊತ್ತಾಯಿತೆಂಬುದನ್ನು ಮರೆತರು, ಮಾವ ಸಂತೆಯನ್ನು ಮರೆತರು. ನಾನು ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಮಾವನ ಹೆಬ್ಬೆಟ್ಟಿಗೆ ಕೊಟ್ಟೆ. ಅದು ಪೂರ್ತಿ ಹೋಗಲಿಲ್ಲ. ಗಾಡಿ ಹತ್ತುವಾಗ ಮಾವ ಮಗನ ಕಡೆ ನೋಡದೆ, ಆದರೆ ಮಗನಿಗೇ ಹೇಳಿದರು. "ಒಣಗಿದ್ಮೇಲೆ ಅದ ಊರ್ಗೆ ತಕ್ಕಂಬಾ. ಸೊಸೆ ಕೈಲಿ ಕಳಿಸ್‌ಬ್ಯಾಡ. ನೀನೇ ತಕ್ಕಂಬಾ."

ಆ ದಿನ ಸಂಜೆ ಮೇಷ್ಟ್ರು ಹೆಬ್ಬೆಟ್ಟಿನ ಗುರುತನ್ನು ತಿದ್ದಲು ಕುಂಚ ಎತ್ತಿಕೊಂಡರು. ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದು, ಹಾಗೆಯೇ ಕೆಳಗಿಟ್ಟರು.

ಚಿತ್ರ ಒಣಗಿದ ಮೇಲೆ ಅದನ್ನು ನನ್ನ ಸೀರೆಯಲ್ಲಿ ಸುತ್ತಿಕೊಂಡು ಹೊರಟೆವು. ದಾರಿಯಲ್ಲಿ ಹಕೀಮ್ ಸಾಹೇಬರಿಗೆ ಬಿಚ್ಚಿ ತೋರಿಸಿದೆವು. ಅವರು ಚಿತ್ರ ನೋಡಿ ತಲೆದೂಗಿದರು, ಆಮೇಲೆ ಮೇಷ್ಟ್ರ ಮಣಿಕಟ್ಟು ಹಿಡಿದು ನೋಡಿ ಇನ್ನೂ ಹೆಚ್ಚು ತಲೆದೂಗಿದರು. ಪೆಟ್ರೋಲಿಗೂ ಬರವಿದ್ದ ಕಾಲ, ಬಸ್ಸು ಇದ್ದಿಲ ಗ್ಯಾಸಿನದು. ಏರು ಬಂದಲ್ಲಿ ನಿಂತುಬಿಡುತ್ತಿತ್ತು, ಗಂಡಸರೆಲ್ಲ ಇಳಿದು ತಳ್ಳಬೇಕು. ಮೇಷ್ಟ್ರು ಚಿತ್ರವನ್ನು ತಲೆಯ ಮೇಲೆ ಹೊತ್ತು ಪಕ್ಕದಲ್ಲಿ ನಡೆದರೇ ಹೊರತು ಒಂದು ಕೈಯನ್ನೂ ಬಸ್ಸಿಗೆ ಕೊಡಲಿಲ್ಲ. "ಅದೇನ್ ಸಾಮಿ, ದೇವ್ರಾ?" ಎಂದು ಡ್ರೈವರ್ ಕೇಳಿದ್ದಕ್ಕೆ, "ಬದನೆಕಾಯಿ" ಎಂದು ಗಂಭೀರವಾಗಿ ಉತ್ತರಿಸಿದರು.

ಬೆಸಗರಹಳ್ಳಿಯ ಮನೆಯ ನಡುಮನೆಯಲ್ಲಿ ದೇವರ ಪಟಗಳದೊಂದು ಸಾಲು. ಮಾವ ಬೇರೆ ಮೊಳೆ ಹುಡುಕದೆ ಆ ಸಾಲಿನ ಕೊನೆಯಲ್ಲೇ ಚಿತ್ರವನ್ನು ನೇತುಹಾಕಿದರು. ನಾವು ಅಲ್ಲೇ ಉಳಿದೆವು. ಮಾರನೆಯ ದಿನ ಬೆಳಿಗ್ಗೆ ನಮ್ಮತ್ತೆ ತಲೆ ಮೇಲೆ ನೀರು ಹೊಯ್ದುಕೊಂಡು, ಎಂದಿನಂತೆ ಪಟಗಳನ್ನೊರೆಸಿ, ಸಾಲಾಗಿ ಒಂದೊಂದಕ್ಕೂ ಕುಂಕುಮವಿಡುತ್ತಾ ಬಂದರು. ಕೈ ಓಡಿದ ಓಟಕ್ಕೆ ಬದನೆಕಾಯಿಗಳಿಗೂ ಒಂದು ಬೊಟ್ಟು ಬಿತ್ತು. ಸರಿಯಾಗಿ ಲಾಜವರ್ದದ ಮೇಲೆ.

ಮೇಷ್ಟ್ರು ಬಾಗಿಲಲ್ಲಿ ನಿಂತು ನೋಡಿ ಬಾಯಿ ತೆರೆದರು. ನಾನು ಕಿವಿ ಮುಚ್ಚಿಕೊಳ್ಳುವುದರಲ್ಲಿದ್ದೆ. ಜಗುಲಿಯ ಮೇಲೆ ಹಲ್ಲುಜ್ಜುತ್ತಾ ಬಾಗಿಲಿಂದ ಇದನ್ನೆಲ್ಲ ನೋಡುತ್ತಿದ್ದ ಮಾವ ಹೇಳಿದರು:

"ಇರ್ಲಿ ಬುಡ್ಲಾ. ಉಣ್ಣೋ ಪದಾರ್ತಾನೂ ದೇವ್ರೇ ಅಲ್ವಾ."

ಮೇಷ್ಟ್ರು ಬಾಯಿ ಮುಚ್ಚಿದರು. ಮುಂದೆ ಬಂದು ಓರೆಯಾಗಿದ್ದ ಚೌಕಟ್ಟನ್ನು ನೇರ ಮಾಡಿ, ಅಪ್ಪನ ಪಕ್ಕದಲ್ಲಿ ಹೋಗಿ ಕೂತರು.